ಆಯುಧ ಪೂಜೆಗೆ ಕುಂಬಳಕಾಯಿ ಒಡೆಯುವ ಸರದಿ ಈ ಸಲ ನನ್ನದು. ಏನು ಮಾಡಲಿ?

ಹೆಬ್ಬಾಳದ ಟರ್ನರ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬ ದಿನದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಐದು ಮಷೀನು, ಹನ್ನೊಂದು ಜನ. ಅದರಲ್ಲಿ ನಾನೊಬ್ಬನೇ ಕ್ರೈಸ್ತ.

ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಮಷೀನು ತೊಳೆಯುವುದು, ಎಣ್ಣೆ ಬಿಡುವುದು, ಬಾಳೆಕಂದು ಕಟ್ಟುವುದು, ಎಲ್ಲದಕ್ಕೂ ನಾನಿರುತ್ತೇನೆ. ಮಂಗಳಾರತಿ ಹೊತ್ತಿಗೆ ಚಪ್ಪಲಿ ಬಿಟ್ಟು ಹಿಂದೆ ನಿಂತಿರುತ್ತೇನೆ. ಪುರಿ, ಕಡ್ಲೆ, ಸ್ವೀಟ್ ಬಾಕ್ಸು ತಗೊಂಡು ಮನೆಗೆ ಬರುತ್ತೇನೆ. ಇಷ್ಟು ವರ್ಷ ಯಾರೂ ಏನೂ ಕೇಳಿರಲಿಲ್ಲ.

ಈ ಸಲ ನಮ್ಮ ಫೋರ್‌ಮನ್ ರಿಟೈರ್ ಆದರು. ಮಷೀನಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಿದ್ದವರು ಅವರೇ. ಮೊನ್ನೆ ಮಾಲೀಕರು ಎಲ್ಲರ ಮುಂದೆ ನನ್ನ ಹೆಗಲ ಮೇಲೆ ಕೈ ಹಾಕಿ, "ಇನ್ಮೇಲೆ ನೀನೇ ಇಲ್ಲಿ ಹಿರಿಯ. ಈ ಸಲದ ಪೂಜೆ ನಿನ್ನ ಕೈಯಿಂದಲೇ ಆಗಬೇಕು" ಅಂದರು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ನಾನು ಸುಮ್ನೆ ನಕ್ಕು ಬಂದೆ.

ಬೈದು ಹೇಳಿದ್ದರೆ ಸುಲಭ ಇತ್ತು. ಇದು ಮರ್ಯಾದೆ ಕೊಟ್ಟು ಹೇಳಿದ ಮಾತು. ಮಗಳ ಆಪರೇಷನ್‌ಗೆ ಒಂದು ಮಾತೂ ಕೇಳದೆ ದುಡ್ಡು ಕೊಟ್ಟ ಮನುಷ್ಯ ಅವರು. ಹಬ್ಬಕ್ಕೆ ಒಂಬತ್ತು ದಿನ ಇದೆ.

ಸತ್ಯವೇದ ಓದುಗ (ಕುವೆಂಪುನಗರ)

ಸಹೋದರರೇ, ಇದರಲ್ಲಿ ಯೋಚನೆ ಮಾಡುವುದು ಏನಿದೆ? ಸುಮಾರು ಕ್ರಿ.ಶ. 112ರಲ್ಲಿ ಈಗಿನ ಟರ್ಕಿಯಲ್ಲಿರುವ ಬಿಥೂನ್ಯದ ಗವರ್ನರ್ ಪ್ಲಿನಿ ರೋಮಿನ ಚಕ್ರವರ್ತಿ ಟ್ರಾಜನನಿಗೆ ಒಂದು ಕಾಗದ ಬರೆದ. ಕ್ರೈಸ್ತರು ಅಂತ ದೂರು ಬಂದವರ ಮುಂದೆ ಚಕ್ರವರ್ತಿಯ ಪ್ರತಿಮೆ ತರಿಸುತ್ತೇನೆ, ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಬೈದರೆ ಬಿಟ್ಟುಬಿಡುತ್ತೇನೆ, ನಿಜವಾದ ಕ್ರೈಸ್ತರಿಂದ ಇದನ್ನು ಮಾಡಿಸಲು ಆಗುವುದಿಲ್ಲವಂತೆ, ಅಂತ. ಒಂದು ಚಿಟಿಕೆ ಧೂಪ ಅಷ್ಟೇ. ಅಷ್ಟಕ್ಕೇ ಅವರು ಜೀವ ಕೊಟ್ಟರು. ನಿಮಗೆ ಹೋಗುವುದು ಏನು? ಮಾಲೀಕರ ಮುಖ ಸಣ್ಣಗಾಗಬಹುದು.

ಗಂಜಾಂ ಅಜ್ಜ (ಶ್ರೀರಂಗಪಟ್ಟಣ)

ಅವರ ಮಾಲೀಕರು ಟ್ರಾಜನ್ ಅಲ್ಲ ಕಣಪ್ಪ. ಯೇಸುಸ್ವಾಮಿಯನ್ನು ಬೈ ಅಂತ ಯಾರೂ ಹೇಳಿಲ್ಲ. ಅವರಿಗೆ ಇವರು ಮನೆಯವರು, ಅಷ್ಟೇ.

ಟರ್ನರ್, ನಮ್ಮ ಕಥೋಲಿಕ ಸಭೆ ಈ ಪ್ರಶ್ನೆಗೆ ನೂರಾರು ವರ್ಷ ತಲೆ ಚಚ್ಚಿಕೊಂಡಿದೆ. ಚೀನಾದ ಕಥೋಲಿಕರು ಹಿರಿಯರ ಪಟದ ಮುಂದೆ ತಲೆ ಬಾಗಬಹುದಾ, ಬಾರದಾ? ರೋಮ್ ಮೊದಲು ಬಾರದು ಅಂದಿತು. ಕೊನೆಗೆ 1939ರಲ್ಲಿ, ಅದು ಹಿರಿಯರಿಗೆ ತೋರಿಸುವ ಗೌರವ, ಮಾಡಬಹುದು ಅಂತ ಒಪ್ಪಿತು. ನಮ್ಮ ದೇಶದ ಮಟ್ಟಿಗೆ 1969ರಲ್ಲಿ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಬಂತು. ನೆಲದ ಮೇಲೆ ಕೂರುವುದು, ಕೈ ಮುಗಿಯುವುದು, ಎಣ್ಣೆ ದೀಪ, ಆರತಿ ಎಲ್ಲ ಬಲಿಪೂಜೆಯೊಳಗೆ, ಅಂದರೆ ಚರ್ಚಿನಲ್ಲಿ ಪಾದ್ರಿಗಳು ನಡೆಸುವ ಪೂಜೆಯೊಳಗೆ, ಬಂದದ್ದು ಹಾಗೆ. ಆದರೆ ಗಮನಿಸು, ಆ ಆರತಿ ನಮ್ಮ ಪೀಠದ ಮುಂದೆ ಎತ್ತುವುದಕ್ಕೆ. ಬೇರೆ ಕಡೆ ಎತ್ತಿಕೊಂಡು ಹೋಗಲಿ ಅಂತ ಅಲ್ಲ.

ನಮ್ಮೂರಲ್ಲಿ 1799ರ ಯುದ್ಧದ ನಂತರ ಬಂದ ಫ್ರೆಂಚ್ ಪಾದ್ರಿ ದುಬೋಯ್ ಅವರನ್ನು ಜನ ದೊಡ್ಡ ಸ್ವಾಮಿ ಅಂತ ಕರೆಯುತ್ತಿದ್ದರು. ಬಟ್ಟೆ, ಊಟ, ಮಾತು ಎಲ್ಲ ಇಲ್ಲಿನವರ ಹಾಗೆ. ಸಿಡುಬಿಗೆ ಚುಚ್ಚುಮದ್ದು ಹಾಕಿಸಲು ಊರೂರು ಅಲೆದರು. ಅಷ್ಟು ಬೆರೆತರೂ ಪೂಜೆ ಮಾತ್ರ ತಮ್ಮದೇ. ನಿಂತು ನೋಡುವುದು ಬೇರೆ, ಕೈಯಾರೆ ಎತ್ತುವುದು ಬೇರೆ ಅಂತ ನನ್ನ ಲೆಕ್ಕ.

ಪಕ್ಕದ್ಮನೆಯವನು (ಮಂಡ್ಯ)

ನಾನು ಹಿಂದೂ. ನನ್ನ ಗೆಳೆಯನೊಬ್ಬ ಈ ಲಿಂಕ್ ಕಳಿಸಿದ, ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮಮ್ಮ ಜೂನ್ 13ಕ್ಕೆ ದೋರನಹಳ್ಳಿ ಚರ್ಚಿನ ಸಂತ ಅಂತೋಣಿಯವರ ಹಬ್ಬ ತಪ್ಪಿಸುವುದಿಲ್ಲ. ಮೇಣದ ಬತ್ತಿ ಹಚ್ಚಿ ಬಂದು ಸಂಜೆ ಮನೆಯಲ್ಲಿ ದೇವರ ದೀಪವನ್ನೂ ಹಚ್ಚುತ್ತಾರೆ. ಅವರಿಗೆ ಒಂದು ದಿನವೂ ತಲೆಬಿಸಿ ಆಗಿಲ್ಲ. ನಿಮ್ಮ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ಯಾರು? ನಾಲ್ವಡಿ ಕೃಷ್ಣರಾಜ ಒಡೆಯರು. ಅದರಿಂದ ಅವರ ಚಾಮುಂಡಿ ಭಕ್ತಿಗೆ ಏನಾದರೂ ಕಮ್ಮಿ ಆಯ್ತಾ?

ಒಪ್ಪದಿದ್ದರೂ ಪರವಾಗಿಲ್ಲ, ಒಂದು ಮಾತು ಕೇಳಿ. ಮಾಡುವುದಿಲ್ಲ ಅಂತಿದ್ದರೆ ಈಗಲೇ ಹೋಗಿ ಹೇಳಿ. ಹಬ್ಬದ ದಿನ ಕರ್ಪೂರ ಹಚ್ಚಿದ ಕುಂಬಳಕಾಯಿ ಕೈಗಿಟ್ಟ ಮೇಲೆ ಬೇಡ ಅಂದರೆ ಅದು ಅಪಶಕುನ. ಆಮೇಲೆ ವರ್ಷದಲ್ಲಿ ಒಂದು ಬೇರಿಂಗ್ ಹೋದರೂ ನಿಮ್ಮ ತಲೆಗೇ ಕಟ್ಟುತ್ತಾರೆ.

ಸತ್ಯವೇದ ಓದುಗ

ಮಹಾರಾಜರು ಕಲ್ಲು ಹಾಕಿದರು, ಪೀಠದ ಮುಂದೆ ನಿಂತು ಪೂಜೆ ಅರ್ಪಿಸಲಿಲ್ಲ. ನೀವು ಕೊಟ್ಟ ಉದಾಹರಣೆಯೇ ನನ್ನ ಕಡೆ ಇದೆ. ಬಾಳೆಕಂದು ಕಟ್ಟಲಿ, ಮಷೀನು ತೊಳೆಯಲಿ. ಅದು ಕಲ್ಲು ಹಾಕಿದ ಹಾಗೆ.

ಪಕ್ಕದ್ಮನೆಯವನು

ಸರಿ, ಇದು ಸಿಕ್ಕಿತು ನನಗೆ.

ನಿವೃತ್ತ ನರ್ಸ್ (ಮಂಡಿ ಮೊಹಲ್ಲಾ)

ನಾನು ಸಿಎಸ್‌ಐ, ಅಂದರೆ ಪ್ರೊಟೆಸ್ಟೆಂಟ್ ಸಭೆಯವಳು. ಮೂವತ್ತೊಂದು ವರ್ಷ ಡ್ಯೂಟಿ ಮಾಡಿದ್ದೇನೆ. ಭಾನುವಾರದ ಆರಾಧನೆ ಎಷ್ಟು ತಪ್ಪಿದೆಯೋ ಲೆಕ್ಕ ಇಲ್ಲ, ಅದರ ಬಗ್ಗೆ ದೇವರಿಗೆ ನನ್ನ ಮೇಲೆ ಕೋಪ ಇದೆ ಅಂತ ಅನ್ನಿಸುವುದಿಲ್ಲ.

ಒಂದು ರಾತ್ರಿ ವಾರ್ಡಿನಲ್ಲಿ ಒಬ್ಬ ಮುದುಕರು ಹೋಗುವ ಹಂತದಲ್ಲಿದ್ದರು. ಮಗ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ, ಹೊತ್ತಿಗೆ ಬಂದು ಮುಟ್ಟುವ ಹಾಗಿರಲಿಲ್ಲ. ಸೊಸೆಗೆ ಕೈ ನಡುಗುತ್ತಿತ್ತು. ತುಳಸಿ ನೀರಿನ ಲೋಟ ನನ್ನ ಕೈಗೆ ಕೊಟ್ಟು, "ಸಿಸ್ಟರ್, ನೀವೇ ಒಂದು ಚಮಚ ಬಿಡಿ" ಅಂದಳು. ಬಿಟ್ಟೆ. ಸಭೆಯಲ್ಲಿ ಯಾರೋ ಹೇಳಿ, ಹಿರಿಯರೊಬ್ಬರು ನನ್ನನ್ನು ಕೂರಿಸಿ ಬುದ್ಧಿ ಹೇಳಿದರು. ಇವತ್ತಿಗೂ ಅದು ತಪ್ಪು ಅನ್ನಿಸಿಲ್ಲ. ಆದರೆ ಮಂತ್ರ ಹೇಳಿ ಅಂದಿದ್ದರೆ ಹೇಳುತ್ತಿರಲಿಲ್ಲ. ಗೆರೆ ಎಲ್ಲಿದೆ ಅಂತ ಪುಸ್ತಕದಲ್ಲಿ ಹುಡುಕಿ ಹಾಕಿದ್ದಲ್ಲ. ಆ ಹೊತ್ತಿಗೆ ಕೈಗೆ ಗೊತ್ತಾಯಿತು.

ಬೈಬಲಿನ 2 ಅರಸುಗಳು 5ನೇ ಅಧ್ಯಾಯ ಓದಿ. ಕುಷ್ಠ ವಾಸಿಯಾದ ಸೇನಾಪತಿ ನಾಮಾನ ಪ್ರವಾದಿ ಎಲೀಷನಿಗೆ ಹೇಳುತ್ತಾನೆ: ನಮ್ಮ ಅರಸ ರಿಮ್ಮೋನನ ಗುಡಿಯಲ್ಲಿ ಬಗ್ಗುವಾಗ ನನ್ನ ಕೈ ಹಿಡಿದುಕೊಳ್ಳುತ್ತಾನೆ, ನಾನೂ ಬಗ್ಗಬೇಕಾಗುತ್ತದೆ, ಅದನ್ನು ಕ್ಷಮಿಸಲಿ. ಎಲೀಷ ಅದಕ್ಕೆ ಏನಂದ? ಸಮಾಧಾನದಿಂದ ಹೋಗು.

ಸತ್ಯವೇದ ಓದುಗ

ಅಮ್ಮ, ಕ್ಷಮೆ ಕೇಳಿದ ಅಂದರೆ ತಪ್ಪು ಅಂತ ಅವನಿಗೂ ಗೊತ್ತಿತ್ತು ಅಲ್ವಾ?

ನಿವೃತ್ತ ನರ್ಸ್

ಗೊತ್ತಿತ್ತು. ಎಲೀಷನಿಗೂ ಗೊತ್ತಿತ್ತು. ಮಾಡು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವನು ಹಾಗೆ ಬಿಟ್ಟಿದ್ದನ್ನು ನಾವು ಯಾಕೆ ಎಳೆದಾಡಬೇಕು ಮಗ.

ಪಿಜಿ ಹುಡುಗಿ (ಸರಸ್ವತಿಪುರಂ)

ನನ್ನದು ಇದಕ್ಕಿಂತ ಸಣ್ಣ ವಿಷಯ. ಊರು ಮದ್ದೂರು ಕಡೆ. ಹೆಸರಿನಲ್ಲಿ ಯಾವ ಧರ್ಮ ಅಂತ ಗೊತ್ತಾಗುವುದಿಲ್ಲ. ರೂಮು ಹುಡುಕುವಾಗ ಮನೆ ಓನರ್ ಆಂಟಿ "ಯಾವ ಜನ?" ಅಂದರು. ನಾನು ಬಾಯಿ ತೆರೆಯುವುದರೊಳಗೆ ಅವರೇ "ಮಾತು ಕೇಳಿದ್ರೆ ಗೊತ್ತಾಗುತ್ತೆ ಬಿಡು, ನಮ್ ಕಡೆ ಗೌಡ್ರ ಹುಡುಗಿ" ಅಂದರು. ನಾನು ಹೂಂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಯೇಸುವಿನ ಶಿಷ್ಯ ಪೇತ್ರ, ಅವರು ಯಾರೋ ಗೊತ್ತಿಲ್ಲ ಅಂತ ಬೆಂಕಿ ಕಾಯಿಸುತ್ತಾ ನಿಂತಾಗ ಮಾತಿನ ಧಾಟಿಯಿಂದ ಸಿಕ್ಕಿಬಿದ್ದ. ನಾನು ಮಾತಿನ ಧಾಟಿಯಿಂದ ಬಚಾವಾದೆ. ಎರಡು ವರ್ಷ ಆಯಿತು.

ಈ ವರ್ಷ ವಿಭೂತಿ ಬುಧವಾರ ಚರ್ಚಿಂದ ಹಣೆಯಲ್ಲಿ ಬೂದಿ ಇಟ್ಟುಕೊಂಡೇ ಬಂದೆ, ಇವತ್ತು ಏನಾದರೂ ಆಗಲಿ ಅಂತ. ಆಂಟಿ ನೋಡಿ ತುಂಬ ಖುಷಿಪಟ್ಟು, "ವಿಭೂತಿ ಚೆನ್ನಾಗಿ ಕಾಣುತ್ತೆ, ದಿನಾ ಇಟ್ಕೋ" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಗಂಜಾಂ ಅಜ್ಜ

ನಗು ಮಗಳೇ. ಆಮೇಲೆ ಒಂದು ದಿನ ಅವರ ಜೊತೆ ಕಾಫಿ ಕುಡಿಯುತ್ತಾ ಹೇಳಿಬಿಡು. ನಮ್ಮವರು ಬಲಿಪೂಜೆಗೆ ಬರೀ ಪೂಜೆ ಅಂತಲೇ ಅನ್ನುವುದು. ನಾನು ಕೆಲಸದಲ್ಲಿದ್ದಾಗ "ಭಾನುವಾರ ಪೂಜೆಗೆ ಹೋಗಬೇಕು" ಅಂದರೆ ಸಾಹೇಬರು ಮರುಮಾತಿಲ್ಲದೆ ರಜೆ ಕೊಡುತ್ತಿದ್ದರು. ಯಾವ ಪೂಜೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಾನೂ ನಿನ್ನ ಹಾಗೆಯೇ ಬಚಾವಾದವನು.

ಹೆಸರು ಬೇಡ (ಕೆ.ಆರ್. ಪೇಟೆ)

ನೀವೆಲ್ಲ ಹುಟ್ಟು ಕ್ರೈಸ್ತರು. ನನ್ನ ಕಷ್ಟ ಬೇರೆ. ಒಂಬತ್ತು ವರ್ಷದಿಂದ ಸಭೆಗೆ ಹೋಗುತ್ತಿದ್ದೇನೆ. ಕ್ರೈಸ್ತನಾಗಲು ತೆಗೆದುಕೊಳ್ಳುವ ದೀಕ್ಷಾಸ್ನಾನ ಮಾತ್ರ ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಕಾರಣ ನೇರವಾಗಿ ಹೇಳುತ್ತೇನೆ, ಮಗನ ಸರ್ಟಿಫಿಕೇಟು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದರೆ ಹಿಂದೂ ಆಗಿರಬೇಕು. ಆಮೇಲೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಿಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳ ಕೇಸಿನಲ್ಲಿ ಸುಪ್ರೀಂ ಕೋರ್ಟು, ಚರ್ಚಿಗೆ ಹೋಗುತ್ತಾ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಅಂದಿತು.

ಊರಲ್ಲಿ ನಾನು ಇನ್ನೂ ಅದೇ ಕೇರಿಯವನು. ಹೋಟೆಲಿನಲ್ಲಿ ಲೋಟ ಕೊಡುವ ಕೈ ನನ್ನ ದೇವರು ಯಾರು ಅಂತ ಕೇಳುವುದಿಲ್ಲ, ಅಪ್ಪ ಯಾರು ಅಂತ ಕೇಳುತ್ತದೆ. ದೇವರು ಬದಲಾದರೆ ಜಾತಿ ಹೋಗುತ್ತದೆ ಅಂತ ಕಾಗದದಲ್ಲಿದೆ, ಕೇರಿಯಲ್ಲಿ ಇಲ್ಲ.

ಸತ್ಯವೇದ ಓದುಗ

ಸಹೋದರ, ಒಂಬತ್ತು ವರ್ಷ ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀರಿ. ಯಾವುದಾದರೂ ಒಂದು

ನಿವೃತ್ತ ನರ್ಸ್

ಸಾಕು ಮಗ. ಆ ಕೇರಿಯಲ್ಲಿ ಒಂದು ದಿನ ಇದ್ದು ಬಂದು ಆಮೇಲೆ ಪೂರ್ತಿ ಬರಿ.

ನಿರ್ವಾಹಕ

ಇದಾದ ಮೇಲೆ ಬಂದ ಆರು ಉತ್ತರ ತೆಗೆದಿದ್ದೇನೆ. ಯಾರ ದೇವರ ಬಗ್ಗೆಯೂ, ಯಾರ ಜಾತಿಯ ಬಗ್ಗೆಯೂ ಇಲ್ಲಿ ಹಗುರ ಮಾತು ಬೇಡ.

ಆಲೆಮನೆ ಹುಡುಗ (ಪಾಂಡವಪುರ)

ಎಲ್ಲ ಓದಿದೆ. ಕುಂಕುಮ, ತುಳಸಿ ನೀರು, ವಿಭೂತಿ. ನನಗೆ ಇದೆಲ್ಲ ಯಾವತ್ತೂ ಕಷ್ಟ ಆಗಲಿಲ್ಲ. ಸಂಕ್ರಾಂತಿಗೆ ಕಿಚ್ಚು ಹಾಯಿಸುವಾಗ ನಮ್ಮ ಎತ್ತು ಹಾಯುವುದಿಲ್ಲ, ಊರವರಿಗೆ ಅಭ್ಯಾಸ ಆಗಿದೆ. ಎಳ್ಳು ಬೆಲ್ಲ ಕೊಡುತ್ತಾರೆ, ತಿನ್ನುತ್ತೇವೆ. ಕ್ರಿಸ್ಮಸ್ಸಿಗೆ ನಾವು ಕಜ್ಜಾಯ ಕೊಡುತ್ತೇವೆ, ಅವರು ತಿನ್ನುತ್ತಾರೆ.

ನನಗೆ ಕಷ್ಟ ಕೊಟ್ಟಿದ್ದು ಹೈಡ್ರೋಸ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಸುಣ್ಣ ಹಾಕಿ ಕಲ್ಮಶ ಎತ್ತುತ್ತೇವೆ. ಬೆಂಡೆ ಗಿಡದ ಲೋಳೆ ಹಾಕುವವರೂ ಇದ್ದಾರೆ. ಇಷ್ಟೇ ಮಾಡಿದರೆ ಬೆಲ್ಲ ಕಂದು ಬಣ್ಣಕ್ಕೆ ಇಳಿಯುತ್ತದೆ. ಒಂದು ಹಿಡಿ ಹೈಡ್ರೋಸ್ ಬಿದ್ದರೆ ಚಿನ್ನದ ಬಣ್ಣ. ಅದು ಬಟ್ಟೆಯ ಬಣ್ಣ ತೆಗೆಯುವ ಕೆಮಿಕಲ್ಲು. ಮಂಡಿಯಲ್ಲಿ ಹಳದಿ ಬೆಲ್ಲಕ್ಕೆ ಒಂದು ರೇಟು, ಕಪ್ಪಿಗೆ ಇನ್ನೊಂದು. ತಿನ್ನುವ ಜನಕ್ಕೆ ಬಣ್ಣವೇ ಬೇಕು, ಅವರನ್ನು ಬೈದು ಏನು ಪ್ರಯೋಜನ.

ನಮ್ಮಪ್ಪ ಹನ್ನೆರಡು ವರ್ಷ ಹೈಡ್ರೋಸ್ ಹಾಕಿದರು. ಅದೇ ಹನ್ನೆರಡು ವರ್ಷ ಚರ್ಚಿನ ಕಮಿಟಿಯಲ್ಲೂ ಇದ್ದರು. ಒಂದು ಭಾನುವಾರ ಜ್ಞಾನೋಕ್ತಿ 11ನೇ ಅಧ್ಯಾಯದ ಓದು ಬಂತು. ಮೊದಲ ವಚನವೇ ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಅಂತ. ಓದುವವರು ಅಪ್ಪನೇ. ಮನೆಗೆ ಬಂದು ಊಟ ಮಾಡಲಿಲ್ಲ. ಅಮ್ಮ ಕೇಳಿದ್ದಕ್ಕೆ, "ನಮ್ಮ ತಕ್ಕಡಿ ಸರಿ ಇದೆ, ಕೊಪ್ಪರಿಗೆ ಸರಿ ಇಲ್ಲ" ಅಂದರು. ಮಾರನೇ ದಿನ ಹೈಡ್ರೋಸ್ ಡಬ್ಬ ಹೊರಗೆ ಹೋಯಿತು.

ಇದಾದ ಮೇಲೆ ದೇವರು ಆಶೀರ್ವಾದ ಮಾಡಿದ ಅಂತ ಬರೆದರೆ ಸುಳ್ಳಾಗುತ್ತದೆ. ಎರಡು ವರ್ಷ ಪೂರ್ತಿ ನಷ್ಟ. ಅಕ್ಕನ ಒಡವೆ ಹೋಯಿತು. ಈಗ ಮೈಸೂರಿನಲ್ಲಿ ಕೆಲವು ಮನೆಗಳಿಗೆ ಕಪ್ಪು ಬೆಲ್ಲ ನೇರವಾಗಿ ಕೊಡುತ್ತೇವೆ, ಹೇಗೋ ನಡೆಯುತ್ತಿದೆ. ಸಾಲ ಇನ್ನೂ ಇದೆ.

ಟರ್ನರ್ ಅಣ್ಣ, ಕುಂಬಳಕಾಯಿ ವರ್ಷಕ್ಕೆ ಒಂದು ದಿನ. ಮಿಕ್ಕ ದಿನ ನಿಮ್ಮ ವರ್ಕ್‌ಶಾಪಿನಲ್ಲಿ ಹೈಡ್ರೋಸ್ ಯಾವುದು?

ಪಿಜಿ ಹುಡುಗಿ

ಇದನ್ನು ಎರಡು ಸಲ ಓದಿದೆ.

ಹೆಬ್ಬಾಳದ ಟರ್ನರ್

ತಮ್ಮ, ನಿನ್ನ ಪ್ರಶ್ನೆ ಓದಿ ಫೋನು ಮಡಗಿಬಿಟ್ಟೆ. ಎರಡು ದಿನ ಇಲ್ಲಿಗೆ ಬರಲಿಲ್ಲ. ಬರೆಯಬೇಕೋ ಬೇಡವೋ ಅಂತಲೂ ಇತ್ತು.

ನಾವು ಮಾಡುವುದು ಬುಷ್‌ಗಳು, ಮಷೀನಿನೊಳಗೆ ಕೂರುವ ಕೊಳವೆಯಂಥ ಭಾಗ. 25 ಮಿಲಿಮೀಟರ್ ಅಂದರೆ 20 ಮೈಕ್ರಾನ್, ಅಂದರೆ 0.02 ಮಿಲಿಮೀಟರ್, ಆಚೆ ಈಚೆ ಹೋಗಬಹುದು, ಅದಕ್ಕಿಂತ ಜಾಸ್ತಿ ಹೋದರೆ ರಿಜೆಕ್ಟ್. ಟೂಲ್ ಸವೆಯುತ್ತಾ ಹೋದ ಹಾಗೆ ಸೈಜು ಜರುಗುತ್ತದೆ. ಅದಕ್ಕೇ ಗಂಟೆಗೊಂದು ಪೀಸು ತೆಗೆದು ಮೈಕ್ರೋಮೀಟರಿನಲ್ಲಿ ಅಳೆದು ಶೀಟಿನಲ್ಲಿ ಬರೆಯಬೇಕು. ಮಾಲಿನ ಜೊತೆ ಆ ಶೀಟು ಹೋಗುತ್ತದೆ. ಕೆಳಗೆ ಸಹಿ ನನ್ನದು.

ನೈಟ್ ಶಿಫ್ಟಿನಲ್ಲಿ ಯಾರೂ ಅಳೆಯುವುದಿಲ್ಲ. ಬೆಳಗ್ಗೆ ಆರಕ್ಕೆ ಕೂತು ಎಂಟು ಗಂಟೆಯ ರೀಡಿಂಗು ಒಟ್ಟಿಗೆ ತುಂಬುತ್ತಾರೆ. 25.01, 24.99, 25.00, ನೋಡುವವರಿಗೆ ನಂಬಿಕೆ ಬರುವ ಹಾಗೆ. ಹೀಗೆ ತುಂಬುವುದನ್ನು ಹುಡುಗರಿಗೆ ಹೇಳಿಕೊಟ್ಟವನು ನಾನು. ನನಗೆ ಹೇಳಿಕೊಟ್ಟವರು ಫೋರ್‌ಮನ್. ನನ್ನ ಸಹಿ ಆರು ವರ್ಷದಿಂದ ಇದೆ.

ಪ್ರತಿ ವರ್ಷ ದಸರಾ ಮುಗಿದ ಮೇಲೆ ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋಗುತ್ತೇನೆ. ಮಂಗಳಾರತಿ ಹೊತ್ತಿನಲ್ಲಿ ನಿಂತಿದ್ದೆ ಸ್ವಾಮಿ, ಕುಂಕುಮ ಮುಟ್ಟಿದೆ ಸ್ವಾಮಿ ಅಂತ ಹೇಳುತ್ತೇನೆ. ಈ ಶೀಟಿನ ವಿಷಯ ಒಂದು ಸಲವೂ ಹೇಳಿಲ್ಲ. ಮುಚ್ಚಿಟ್ಟಿದ್ದಲ್ಲ, ನೆನಪಿಗೇ ಬಂದಿಲ್ಲ.

ನಿವೃತ್ತ ನರ್ಸ್

ನಿಮ್ಮ ಶೀಟು ನಮ್ಮಲ್ಲಿ ಚಾರ್ಟು. ಜ್ವರ, ನಾಡಿ, ಉಸಿರು ನಾಲ್ಕು ಗಂಟೆಗೊಮ್ಮೆ ನೋಡಿ ಬರೆಯಬೇಕು. ಒಬ್ಬಳಿಗೇ ನಲವತ್ತು ಹಾಸಿಗೆ ಇದ್ದ ರಾತ್ರಿ 98.4 ಅಂತ ಬರೆದು ಮುಂದಕ್ಕೆ ಹೋಗಿದ್ದೇನೆ. ತುಳಸಿ ನೀರಿನ ಕಥೆ ಎಷ್ಟು ಜೋರಾಗಿ ಹೇಳಿದೆ ನೋಡಿ, ಇದನ್ನು ಹೇಳಿರಲಿಲ್ಲ.

ಸತ್ಯವೇದ ಓದುಗ

ನಾನು ಸೇಲ್ಸ್‌ನಲ್ಲಿದ್ದೇನೆ. ಈ ವಿಷಯದಲ್ಲಿ ಮಾತಾಡದಿರುವುದೇ ಒಳ್ಳೆಯದು.

ಗಂಜಾಂ ಅಜ್ಜ

ಅದೇ ನೀನು ಬರೆದ ಉತ್ತರಗಳಲ್ಲೆಲ್ಲ ನನಗೆ ಇಷ್ಟವಾದದ್ದು ಕಣಪ್ಪ.

ಹೆಬ್ಬಾಳದ ಟರ್ನರ್

ಹಬ್ಬ ಆಯಿತು. ಕೇಳಿದವರಿಗಾಗಿ ಬರೆಯುತ್ತಿದ್ದೇನೆ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಸಂಜೆ ಮಾಲೀಕರ ಮನೆಗೆ ಹೋದೆ. ಪಕ್ಕದ್ಮನೆಯವರು ಹೇಳಿದ ಹಾಗೆ ಮೊದಲೇ ಹೇಳಿಬಿಡೋಣ ಅಂತ. "ನೀವು ಕೊಟ್ಟ ಮರ್ಯಾದೆ ದೊಡ್ಡದು ಸಾರ್, ಆದರೆ ಪೂಜೆ ನನ್ನ ಕೈಯಲ್ಲಿ ಆಗಲ್ಲ, ಮಿಕ್ಕಿದ್ದೆಲ್ಲ ಮಾಡ್ತೀನಿ" ಅಂದೆ. ಅವರು ಒಂದು ನಿಮಿಷ ನೋಡಿ, "ಅಷ್ಟೇನಾ? ಮುಖ ನೋಡಿ ಕೆಲಸ ಬಿಡ್ತೀಯೇನೋ ಅಂದ್ಕೊಂಡೆ" ಅಂದರು. ಹಳೇ ಫೋರ್‌ಮನ್ನೇ ಬಂದು ಮಾಡಲಿ ಅಂತ ಇಬ್ಬರೂ ಸೇರಿ ಅವರಿಗೆ ಫೋನ್ ಮಾಡಿದೆವು. ಹಬ್ಬದ ದಿನ ಬಿಳಿ ಪಂಚೆ ಉಟ್ಟು ಬಂದರು, ಪಾಪ, ತುಂಬ ಖುಷಿಯಲ್ಲಿದ್ದರು. ಅಷ್ಟು ದಿನ ನಿದ್ದೆಗೆಟ್ಟಿದ್ದು ಹತ್ತು ನಿಮಿಷದಲ್ಲಿ ಮುಗಿಯಿತು.

ಕಾಫಿ ಕುಡಿದ ಮೇಲೆ ಶೀಟಿನ ವಿಷಯ ತೆಗೆದೆ. ಆಗ ಮುಖ ಬದಲಾಯಿತು. "ಅದು ಎಲ್ಲ ಕಡೆ ಇರೋದೇ, ಈಗ ಯಾಕೆ?" ಅಂದರು. ಅಳೆಯದ ಶೀಟಿಗೆ ನಾನು ಸಹಿ ಹಾಕುವುದಿಲ್ಲ ಅಂದೆ. ಬಾಗಿಲ ತನಕ ಬರಲಿಲ್ಲ ಅವರು. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು.

ಕುಂಬಳಕಾಯಿ ಒಡೆದಾದ ಮೇಲೆ ಚೂರುಗಳನ್ನು ಎಂದಿನ ಹಾಗೆ ನಾನೇ ರಸ್ತೆಯಿಂದ ಗುಡಿಸಿದೆ. ಮೈಸೂರಿನಲ್ಲಿ ಆ ದಿನ ಟೂ ವೀಲರ್ ಜಾರಿ ಬೀಳುವವರು ಎಷ್ಟು ಜನ ಅಂತ ನಿಮಗೂ ಗೊತ್ತು.

ಈಗ ನೈಟ್ ಶಿಫ್ಟಿನಲ್ಲಿ ಗಂಟೆಗೊಮ್ಮೆ ಅಳೆಯುತ್ತಾರೆ, ಯಾಕೆಂದರೆ ವಾರದಲ್ಲಿ ಮೂರು ರಾತ್ರಿ ನಾನೂ ಉಳಿದುಕೊಳ್ಳುತ್ತಿದ್ದೇನೆ. 140 ಬರುತ್ತಿದ್ದ ಪೀಸು ಮೊದಲ ವಾರ 115ಕ್ಕೆ ಇಳಿಯಿತು. ಹುಡುಗರ ಇನ್ಸೆಂಟಿವ್ ಹೋಯಿತು. ಅವರಲ್ಲಿ ಒಬ್ಬ, ನಾನೇ ಕೆಲಸ ಕಲಿಸಿದ ಹುಡುಗ, "ಅಣ್ಣ, ನಿಮ್ ದೇವ್ರು ನಮ್ ದುಡ್ ತಿಂದ" ಅಂದ. ಉತ್ತರ ಹೊಳೆಯಲಿಲ್ಲ. ಮಾಲೀಕರು ಮಾತಾಡುತ್ತಾರೆ, ಆದರೆ ಮೊದಲಿನ ಹಾಗಲ್ಲ.

ಪಕ್ಕದ್ಮನೆಯವನು

ಆ ಹುಡುಗ ಹೇಳಿದ್ದು ಸುಳ್ಳಲ್ಲ. ಅವನ ಇನ್ಸೆಂಟಿವ್ ಬಗ್ಗೆ ಮಾಲೀಕರ ಹತ್ತಿರ ಮಾತಾಡಿದ್ರಾ?

ಹೆಬ್ಬಾಳದ ಟರ್ನರ್

ಇಲ್ಲ. ಅದನ್ನು ಯೋಚಿಸಿರಲಿಲ್ಲ. ಸೋಮವಾರ ಕೇಳುತ್ತೇನೆ.

ಆಲೆಮನೆ ಹುಡುಗ

ಅಣ್ಣ, ಶನಿವಾರ ಬೆಲ್ಲ ಹಾಕಲು ಹೆಬ್ಬಾಳದ ಕಡೆ ಬರುತ್ತೇನೆ. ಎಷ್ಟು ಅಚ್ಚು ತರಲಿ?

ಹೆಬ್ಬಾಳದ ಟರ್ನರ್

ಹನ್ನೊಂದು ಮನೆಗೆ ಆಗುವಷ್ಟು ತಾ. ಕಪ್ಪೇ ಇರಲಿ.